ಭಾನುವಾರದ ಸೆಟ್ಟಿಂಗು

ಭಾನುವಾರ ಬೆಳಗಿನ ಕಾಫಿ ಮುಗಿದು, ಅಮ್ಮ ದೇವರ ಕೋಣೆಗೆ ಹೋಗಿ, ಮನೆಯಲ್ಲಿ ಯಾರೂ ಯಾರನ್ನೂ ಕರೆಯದ ಒಂದು ಒಂದೂವರೆ ಗಂಟೆಯ ಅವಕಾಶ ದೊರೆಯುತ್ತದಷ್ಟೆ. ಆ ಅವಧಿಯನ್ನು ನಾನು ಅನೇಕ ವರ್ಷಗಳಿಂದ ಒಂದೇ ಕಾರ್ಯಕ್ಕೆ ಮೀಸಲಾಗಿರಿಸಿದ್ದೇನೆ. ಕಿಟಕಿಯ ಬಳಿಯ ಮೇಜಿನ ಮೇಲಿರುವ ಕಂಪ್ಯೂಟರಿನ ಮುಂದೆ ಕುಳಿತು, ಅದರಿಂದ ಯಾವ ಕೆಲಸವನ್ನೂ ಮಾಡಿಸಿಕೊಳ್ಳದೆ, ಅದನ್ನೇ ಒಂದಿಷ್ಟು ತಿದ್ದುತ್ತೇನೆ. ಅಕ್ಷರದ ಗಾತ್ರವನ್ನು ಒಂದಂಶ ಹೆಚ್ಚಿಸುವುದು, ಮೈಸೂರಿನ ಅಕ್ಷಾಂಶ 12.3, ರೇಖಾಂಶ 76.6 ಎಂದು ಬರೆದುಕೊಟ್ಟು ಹೊರಗೆ ಸೂರ್ಯ ಮುಳುಗುತ್ತಿದ್ದಂತೆಯೇ ಪರದೆಯ ಬೆಳಕೂ ಕ್ರಮೇಣ ಹಳದಿಗೆ ತಿರುಗುವಂತೆ ಮಾಡುವುದು, ಯಾವ ಕೀಲಿಯನ್ನೊತ್ತಿದರೆ ಯಾವ ಪುಟ ತೆರೆಯಬೇಕೆಂಬುದನ್ನು ಗೊತ್ತುಪಡಿಸುವುದು, ಇಂತಹವೇ ಆ ಕೆಲಸಗಳು. ತಂಬೂರಿಯ ತಂತಿಗಳೆಲ್ಲ ಶ್ರುತಿಗೆ ಬಂದ ಮೇಲೂ ಜೀವಾಳದ ದಾರವನ್ನು ಎಳ್ಳಿನಷ್ಟು ಅತ್ತ, ಎಳ್ಳಿನಷ್ಟು ಇತ್ತ ಸರಿಸುತ್ತ, ನಾದವು ಝೇಂಕರಿಸುವ ಆ ಒಂದು ಸ್ಥಾನವನ್ನು ಅರಸುವ ವಿದ್ವಾಂಸರನ್ನು ಕಂಡವರಿಗೆ ಈ ಸುಖ ಎಂಥದೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ನನ್ನ ಯಂತ್ರದಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ತರುಣ ವಿದ್ಯಾರ್ಥಿ ಇದನ್ನು ಆರಂಭಿಸಿದಾಗ, ತನ್ನ ಗೆಳತಿ ಡೆಬ್ರಾಳ ಹೆಸರಿನ ಆದಿಗೆ ತನ್ನ ಹೆಸರನ್ನು ಜೋಡಿಸಿ ಈ ನಾಮಕರಣವನ್ನು ಮಾಡಿದನು. ಇದರ ಒಂದೊಂದು ಆವೃತ್ತಿಗೂ ‘ಟಾಯ್ ಸ್ಟೋರಿ’ ಚಲನಚಿತ್ರದ ಒಂದೊಂದು ಪಾತ್ರದ ಹೆಸರಿಡುವುದು ವಾಡಿಕೆ. 2023ರಲ್ಲಿ ಬಂದ 12ನೆಯ ಆವೃತ್ತಿಯ ಹೆಸರು ಬುಕ್‌ವರ್ಮ್, ಎಂದರೆ ನಮ್ಮ ಮಾತಿನ ಪುಸ್ತಕದ ಹುಳು. ಈ ವ್ಯವಸ್ಥೆಯಲ್ಲಿ ನನ್ನ ಮನಸ್ಸನ್ನು ಸೆರೆಹಿಡಿದ ಗುಣವೆಂದರೆ, ಇದರ ಸೆಟ್ಟಿಂಗುಗಳಲ್ಲಿ ಬಹುಪಾಲು ಸಾಮಾನ್ಯ ಅಕ್ಷರಗಳ ಕಡತಗಳಲ್ಲಿಯೇ ಇರುತ್ತವೆ. ಬೇಕಾದಾಗ ತೆರೆದು ಪತ್ರದಂತೆ ಓದಬಹುದು, ಪತ್ರದಂತೆಯೇ ತಿದ್ದಬಹುದು. ಗುಂಡಿಗಳನ್ನೊತ್ತಿ ಬದಲಾಯಿಸುವ ಚಿತ್ರಮಯ ಫಲಕಗಳೂ ಉಂಟು, ಅವು ಅನುಕೂಲವೇ ಸರಿ. ಆದರೆ ಫಲಕದಲ್ಲಿ ಮಾಡಿದ ಬದಲಾವಣೆ ಎಲ್ಲಿ ಹೋಗಿ ಕುಳಿತಿತೆಂಬುದು ತಿಳಿಯುವುದಿಲ್ಲ, ಕಡತದಲ್ಲಿ ಮಾಡಿದ್ದು ಕಣ್ಣೆದುರಿಗೇ ಇರುತ್ತದೆ.

ಇವುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಕೀಲಿಮಣೆಯ ಕಡತ. ಹತ್ತು ಸಾಲೂ ಇಲ್ಲದ ಆ ಪುಟ್ಟ ಕಡತದಲ್ಲಿ ಎರಡು ವಿನ್ಯಾಸಗಳನ್ನು ನಮೂದಿಸಿದ್ದೇನೆ: ಒಂದು ಇಂಗ್ಲಿಷು, ಇನ್ನೊಂದು ಕಗಪ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಆದ್ಯಕ್ಷರಗಳಿಂದಾದ ಈ ಕಗಪ ವಿನ್ಯಾಸಕ್ಕೆ ಮೂಲ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆ. ‘ನುಡಿ’ ತಂತ್ರಾಂಶದಲ್ಲಿ ಬೆರಳಾಡಿಸಿದವರೆಲ್ಲರಿಗೂ ಅದು ಪರಿಚಿತ. ‘ಕೆ’ ಒತ್ತಿದರೆ ಕ, ‘ಎಂ’ ಒತ್ತಿದರೆ ಮ ಎಂಬಷ್ಟು ಸಹಜವಾದ ಅದರಲ್ಲಿ, ಇಂಗ್ಲಿಷಿನಲ್ಲಿ ಹೊರೆ ಕಡಿಮೆಯಿರುವ ‘ಕ್ಯೂ’ ಕೀಲಿಗೆ ಟಕಾರವನ್ನೂ ‘ಡಬ್ಲ್ಯೂ’ ಕೀಲಿಗೆ ಡಕಾರವನ್ನೂ ವಹಿಸಿ, ಒತ್ತಕ್ಷರ ಬೇಕಾದಲ್ಲೆಲ್ಲ ನಡುವೆ ‘ಎಫ್’ ಒತ್ತುವ ಕ್ರಮವನ್ನಿಟ್ಟ ರಾಯರ ಬುದ್ಧಿಯನ್ನು ನಾನು ದಿನವೂ ಬೆರಳ ತುದಿಯಲ್ಲಿ ಅನುಭವಿಸುತ್ತೇನೆ. ಲಿನಕ್ಸಿನಲ್ಲಿ ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಕಗಪ ಎಂಬ ಇದೇ ಹೆಸರಿನ ವಿನ್ಯಾಸಗಳಿವೆ. ನಮ್ಮ ಮನೆಯ ಅಳತೆಗೋಲಿನಲ್ಲಿ ನೆರೆಯವರೂ ಅಳೆಯುವುದನ್ನು ಕಂಡಾಗ ಆಗುವಂತಹ ಸಂತೋಷ ಅದನ್ನು ಕಂಡಾಗ ಆಯಿತು.

ಎರಡು ಭಾಷೆಗಳ ನಡುವೆ ಹೋಗಿಬರಲು ಒಂದು ಬಾಗಿಲು ಬೇಕಲ್ಲವೆ? ಎಡಗೈಯ ಕಿರುಬೆರಳಿಗೆ ಅತಿ ಸಮೀಪದಲ್ಲಿದ್ದು, ಅಷ್ಟು ಒಳ್ಳೆಯ ಜಾಗವನ್ನು ಆಕ್ರಮಿಸಿಯೂ ನನಗೆ ಎಂದೂ ಉಪಯೋಗಕ್ಕೆ ಬಾರದಿದ್ದ ಕ್ಯಾಪ್ಸ್ ಲಾಕ್ ಕೀಲಿಗೆ ಆ ಕೆಲಸವನ್ನು ಒಪ್ಪಿಸಿದೆನು. ಆಯ್ಕೆಗಳ ಪಟ್ಟಿಯನ್ನು ಇನ್ನಷ್ಟು ಓದುತ್ತ ಹೋದಾಗ, ಕೀಲಿಮಣೆಯ ಮೂಲೆಯಲ್ಲಿರುವ ಕ್ಯಾಪ್ಸ್ ಲಾಕಿನ ದೀಪವನ್ನೂ ಇದೇ ಕಾರ್ಯಕ್ಕೆ ನೇಮಿಸಬಹುದೆಂಬುದು ತಿಳಿಯಿತು. ಅಂದಿನಿಂದ ಕನ್ನಡಕ್ಕೆ ತಿರುಗಿದೊಡನೆ ಒಂದು ಹಸುರು ದೀಪ ಹತ್ತುತ್ತದೆ. ಇಂಗ್ಲಿಷಿಗೆ ಹೋದೊಡನೆ ಆರುತ್ತದೆ. ರಾತ್ರಿ ಕೋಣೆಯ ದೀಪವನ್ನಾರಿಸಿ ಬರೆಯುವಾಗ, ಸಾಸಿವೆಯ ಕಾಳಿನಷ್ಟಿರುವ ಆ ಬೆಳಕನ್ನು ಕಣ್ಣಂಚಿನಲ್ಲಿಟ್ಟುಕೊಂಡು ಎಷ್ಟು ಪುಟಗಳನ್ನು ಬರೆದಿದ್ದೇನೋ ಲೆಕ್ಕವಿಲ್ಲ.

ಇನ್ನು ಗಡಿಯಾರದ ವಿಷಯ. ಪರದೆಯ ಮೇಲ್ತುದಿಯ ಗಡಿಯಾರದಲ್ಲಿ ವಾರದ ಹೆಸರು ಕನ್ನಡದಲ್ಲಿರಬೇಕೆಂದು ನನಗೆ ಬಹುಕಾಲದಿಂದ ಆಸೆಯಿತ್ತು. ಜಗತ್ತಿನ ನಾನಾ ಭಾಷೆಗಳಿಗೆ ಒಂದೊಂದರಂತೆ ನೂರಾರು ಸಾಲುಗಳಿರುವ ಕಡತವೊಂದು ಡೆಬಿಯನ್ನಿನಲ್ಲಿ ಉಂಟು. ಆ ಸಾಲುಗಳಲ್ಲಿ ಬಹುತೇಕ ಎಲ್ಲದರ ಮುಂದೆಯೂ ಒಂದೊಂದು ಹ್ಯಾಷ್ ಚಿಹ್ನೆ. ಎರಡು ಅಡ್ಡಗೆರೆಗಳನ್ನು ಎರಡು ಉದ್ದಗೆರೆಗಳು ಕತ್ತರಿಸುವ ಆ ಗುರುತು ಸಾಲಿನ ಮುಂದಿದ್ದರೆ ಯಂತ್ರವು ಆ ಸಾಲನ್ನು ಓದುವುದಿಲ್ಲ, ಅದು ಮನುಷ್ಯರಿಗಾಗಿ ಬರೆದದ್ದೆಂದು ಬಗೆದು ಮುಂದೆ ಹೋಗುತ್ತದೆ. ಕನ್ನಡದ ಸಾಲನ್ನು ಹುಡುಕಿ, ಅದರ ಮುಂದಿನ ಹ್ಯಾಷನ್ನು ಅಳಿಸಿ, ಒಂದು ಆಜ್ಞೆಯನ್ನು ಕೊಟ್ಟು, ದೋಷಸೂಚನೆ ಮೊದಲಾದ ಮಾತುಗಳೆಲ್ಲ ಇಂಗ್ಲಿಷಿನಲ್ಲಿಯೇ ಇರಲಿ, ಕಾಲವೊಂದು ಮಾತ್ರ ಕನ್ನಡದಲ್ಲಿರಲಿ ಎಂದು ಬೇರ್ಪಡಿಸಿ ಬರೆದೆನು. ಮತ್ತೆ ಒಳಹೊಕ್ಕು ನೋಡುವಾಗ ಮೇಲೆ ‘ಭಾನುವಾರ’ ಎಂದಿತ್ತು. ಪೂಜೆ ಮುಗಿಸಿ ಮಂಗಳಾರತಿಯ ತಟ್ಟೆ ಹಿಡಿದು ಬಂದ ಅಮ್ಮ ಪರದೆಯನ್ನೊಮ್ಮೆ ನೋಡಿ, “ಇದೇನಪ್ಪಾ, ಗಡಿಯಾರ ಕನ್ನಡ ಕಲ್ತುಬಿಡ್ತಲ್ಲ!” ಎಂದರು. ಒಂದು ಚಿಹ್ನೆ ಅಳಿಸಿದ್ದಕ್ಕೆ ದೊರೆತ ಫಲ ಅದು.

ಅದೇ ಚಿಹ್ನೆ ಮುಂದೊಮ್ಮೆ ನನ್ನನ್ನು ಕಾಪಾಡಿತು. ಹಳೆಯ ಫೋಟೋಗಳಿದ್ದ ಡಿಸ್ಕೊಂದನ್ನು ಯಂತ್ರಕ್ಕೆ ಸೇರಿಸಿ, ಪ್ರತಿಸಲವೂ ತಾನಾಗಿಯೇ ತೆರೆದುಕೊಳ್ಳುವಂತೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ನಮೂದಿಸುವಾಗ, 32 ಅಂಕೆ ಅಕ್ಷರಗಳ ಅದರ ಗುರುತಿನ ಸಂಖ್ಯೆಯನ್ನು ಕೈಯಲ್ಲಿಯೇ ಬರೆದು, ಒಂದನ್ನು ತಪ್ಪಿದೆನು. ಮರುದಿನ ಯಂತ್ರವನ್ನು ಹಚ್ಚಿದರೆ ಕಪ್ಪು ಪರದೆ. ಅದರ ಮೇಲೆ, ಇಲ್ಲದ ಆ ಡಿಸ್ಕಿಗಾಗಿ ಒಂದೂವರೆ ನಿಮಿಷದ ಕಾಯುವಿಕೆ. ಆ ತೊಂಬತ್ತು ಸೆಕೆಂಡು ಕಳೆದ ಮೇಲೆ, ತುರ್ತು ಸ್ಥಿತಿಯಲ್ಲಿದ್ದೇನೆ, ಗುಪ್ತಪದವನ್ನು ಕೊಡು ಎಂಬ ಸಾಲು. ಎದೆ ಡವಗುಟ್ಟಿದ್ದು ನಿಜ. ಆದರೆ ಹಿಂದಿನ ದಿನ ಕೈಯಿಟ್ಟದ್ದು ಒಂದೇ ಸಾಲಿಗೆ ಎಂಬುದು ನೆನಪಿದ್ದುದರಿಂದ, ಗುಪ್ತಪದವನ್ನು ಕೊಟ್ಟು, ಕಡತವನ್ನು ತೆರೆದು, ಆ ಸಾಲಿನ ಮುಂದೆ ಒಂದು ಹ್ಯಾಷನ್ನಿಟ್ಟು ಮತ್ತೆ ಹಚ್ಚಿದೆನು. ಎಂದಿನಂತೆ ಬಂದು ನಿಂತಿತು. ಸಂಖ್ಯೆಯನ್ನು ತಿದ್ದಿ, ಚಿಹ್ನೆಯನ್ನು ತೆಗೆದದ್ದು ಸಂಜೆಗೆ, ಅವಸರವಿರಲಿಲ್ಲ.

ಅಂದಿನಿಂದ ಒಂದು ಅಭ್ಯಾಸ ಬೆಳೆಯಿತು. ಯಾವ ಕಡತವನ್ನು ತಿದ್ದಿದರೂ, ತಿದ್ದಿದ ಸಾಲಿನ ಮೇಲೆ ಹ್ಯಾಷನ್ನಿಟ್ಟು, ದಿನಾಂಕವನ್ನೂ ಕಾರಣವನ್ನೂ ಕನ್ನಡದಲ್ಲಿ ಬರೆದಿಡುತ್ತೇನೆ. ಯಂತ್ರ ಓದದ ಮಾತುಗಳಾದುದರಿಂದ ಅಲ್ಲಿ ಏನನ್ನು ಬೇಕಾದರೂ ಹೇಳಬಹುದು. ‘ಅಮ್ಮನ ಕಣ್ಣಿನ ಆಪರೇಷನ್ ಆದಮೇಲೆ ಬೆಳಕು ತಗ್ಗಿಸಿದ್ದು’ ಎಂದು ಒಂದು ಕಡೆ ಇದೆ. ‘ಈ ಶಬ್ದ ಬೇಡ, ಮಗು ಏಳುತ್ತದೆ’ ಎಂದು ಇನ್ನೊಂದು ಕಡೆ. ಆ ಮಗು ಈಗ ಹೈಸ್ಕೂಲಿನಲ್ಲಿದ್ದಾಳೆ, ಶಬ್ದ ಇನ್ನೂ ಇಲ್ಲ. ನಾನು ದಿನಚರಿ ಬರೆಯುವವನಲ್ಲ. ಆದರೂ ನಮ್ಮ ಮನೆಯ ಇಷ್ಟು ವರ್ಷಗಳ ಸಣ್ಣಪುಟ್ಟ ಸಂಗತಿಗಳು ಎಲ್ಲಿಯಾದರೂ ಉಳಿದಿದ್ದರೆ ಈ ಹ್ಯಾಷುಗಳ ಹಿಂದೆ ಉಳಿದಿವೆ.

ಇಂತಹ ಕಡತಗಳಲ್ಲಿ ಅನೇಕವು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಅವುಗಳ ಹೆಸರು ಚುಕ್ಕಿಯಿಂದ ಆರಂಭವಾಗುತ್ತದೆ, ಹಾಗೆ ಆರಂಭವಾದವು ಪಟ್ಟಿಯಲ್ಲಿ ಕಾಣಿಸವು. ಇದರ ಹಿಂದೊಂದು ಕಥೆಯಿದೆ. ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಯ ಬಾಲ್ಯದಲ್ಲಿ, ಕಡತಗಳನ್ನಿಡುವ ಪ್ರತಿಯೊಂದು ಕೋಶದಲ್ಲಿಯೂ ಇರುವ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡು ನಮೂದುಗಳನ್ನು ಪಟ್ಟಿಯಿಂದ ಬಿಡಬೇಕಾಗಿ ಬಂದಾಗ, ಹೆಸರಿನ ಮೊದಲ ಅಕ್ಷರ ಚುಕ್ಕಿಯೋ ಎಂದಷ್ಟೇ ನೋಡಿ ಕೈಬಿಟ್ಟರಂತೆ. ಆ ಸುಲಭದ ದಾರಿಯಿಂದಾಗಿ ಚುಕ್ಕಿಯಿಂದ ಆರಂಭವಾಗುವ ಹೆಸರುಗಳೆಲ್ಲ ಮರೆಯಾದವು. ಬೆಲ್ ಪ್ರಯೋಗಾಲಯದಲ್ಲಿದ್ದ ರಾಬ್ ಪೈಕ್ ಅವರು ಇದನ್ನು ವಿವರಿಸುತ್ತ, ಅದು ತಪ್ಪೆಂದೇ ಹೇಳಿದ್ದಾರೆ. ಅಷ್ಟು ದೊಡ್ಡವರ ಮಾತಿಗೆ ಎದುರಾಡುವ ಯೋಗ್ಯತೆ ನನಗಿಲ್ಲವಾದರೂ, ಈ ಒಂದು ತಪ್ಪಿಗೆ ನಾನು ಋಣಿ. ನಡುಮನೆಯಲ್ಲಿ ಬಂದವರಿಗೆ ಕಾಣುವ ಸಾಮಾನುಗಳಿದ್ದು, ಉಗ್ರಾಣದ ಡಬ್ಬಿಗಳು ಒಳಗಿದ್ದರೆ ಮನೆ ಹೇಗಿರುತ್ತದೆಯೋ ಹಾಗೆ ನನ್ನ ಕೋಶವಿದೆ.

ಆ ಉಗ್ರಾಣದ ಒಂದು ಡಬ್ಬಿಯನ್ನು ಮಾತ್ರ ತೆರೆದು ತೋರಿಸುತ್ತೇನೆ. ‘ಕಾರ್ಯ’ ಎಂದು ಬರೆಯುವಾಗ ರಕಾರವು ಅರ್ಕಾವೊತ್ತಾಗಿ ಹಿಂದಕ್ಕೆ ಸರಿಯುವುದು ಸರಿಯೇ. ಆದರೆ ‘ರ‍್ಯಾಂಕ್’ ಎಂದು ಬರೆಯಬೇಕಾದಾಗ ರಕಾರ ಮುಂದೆಯೇ ನಿಂತು ಯಕಾರ ಅದರ ಕೆಳಗೆ ಬರಬೇಕು. ಯುನಿಕೋಡಿನಲ್ಲಿ ಇದಕ್ಕೆಂದು, ರಕಾರವಾದೊಡನೆ, ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನಿಡಬೇಕು. ಕೀಲಿಮಣೆಯ ಬಲಗಡೆ ಕೆಲಸವಿಲ್ಲದೆ ಕುಳಿತಿದ್ದ ಮೆನು ಕೀಲಿಯನ್ನೊತ್ತಿ ಜಕಾರವನ್ನೊತ್ತಿದರೆ ಆ ಚಿಹ್ನೆ ಬೀಳುವಂತೆ, ಚುಕ್ಕಿಯ ಕಡತವೊಂದರಲ್ಲಿ ಒಂದು ಸಾಲು ಬರೆದಿದ್ದೇನೆ. ಕಾಣದ ಕಡತದಲ್ಲಿ ಬರೆದ, ಕಾಣದ ಅಕ್ಷರದ ಸಾಲು. ಅದರಿಂದ ಸರಿಯಾದ ‘ರ‍್ಯಾಂಕ್’ ಮೊದಲ ಬಾರಿಗೆ ಪರದೆಯ ಮೇಲೆ ಮೂಡಿದ ಬೆಳಗ್ಗೆ, ನಾನು ಆ ಪದವನ್ನು ಒಂದು ಪುಟದ ತುಂಬ ಬರೆದೆನು.

ಅಮ್ಮನಿಗೂ ಈ ಯಂತ್ರದಲ್ಲಿ ಒಂದು ಖಾತೆಯಿದೆ. ಅಲ್ಲಿ ಅಕ್ಷರ ದೊಡ್ಡದು, ಮೌಸಿನ ಬಾಣ ಇನ್ನೂ ದೊಡ್ಡದು, ಪರದೆಯ ಮೇಲೆ ಪತ್ರಿಕೆಯದೊಂದು, ಸಂಗೀತದ್ದೊಂದು, ಹೀಗೆ ಎರಡೇ ಚಿತ್ರಗಳು. ಅಷ್ಟರ ಮೇಲೆ ಅಲ್ಲಿ ಕೈಯಾಡಿಸಬಾರದೆಂದು ಅವರ ಕಟ್ಟಪ್ಪಣೆ.

ಕಳೆದ ತಿಂಗಳು ಹಳೆಯ ಯಂತ್ರ ನಿಂತಿತು. ಹೊಸದನ್ನು ತಂದು, ಡೆಬಿಯನ್ ಹಾಕಿ, ಆಗಾಗ ತೆಗೆದಿಟ್ಟಿದ್ದ ಪ್ರತಿಯಿಂದ ‘ಹೋಮ್’ ಎಂಬ ನನ್ನ ಕೋಶವನ್ನು ಚುಕ್ಕಿಯ ಕಡತಗಳ ಸಮೇತ ಅದಕ್ಕೆ ಹೊಯ್ದೆನು. ಆ ಕೋಶದ ಹೊರಗಿನ ಎರಡು ಮೂರು ಕಡತಗಳನ್ನು, ಹ್ಯಾಷಿನ ಹಿಂದೆ ಬರೆದಿದ್ದ ನನ್ನ ಮಾತುಗಳನ್ನೇ ಓದಿಕೊಳ್ಳುತ್ತ, ಮತ್ತೆ ತಿದ್ದಿದೆನು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಪತ್ರಿಕೆ ಓದಲು ಬಂದು ಕುಳಿತ ಅಮ್ಮ, “ರಿಪೇರಿ ಆಯ್ತೇನಪ್ಪಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಓದತೊಡಗಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿರುಬೆರಳಿನಿಂದ ಆ ಕೀಲಿಯನ್ನೊತ್ತಿದೆನು. ಹೊಸ ಕೀಲಿಮಣೆಯ ದೀಪ ಹಸುರಲ್ಲ, ಬಿಳಿ.