ಬಂದ್

ಕನ್ನಡ ಮಾಸ್ತರನಿಗೆ ಮೋಟಾರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಬೀದರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಶಬ್ದಾರ್ಥ ಹೇಳಿಕೊಂಡು ಹೊಟ್ಟೆ ಹೊರೆಯುತ್ತಿರುವವನು ನಾನು. ಆದರೆ ಒಂದು ಶಬ್ದದ ಅರ್ಥ ನನಗೆ ಸರಿಯಾಗಿ ತಿಳಿದದ್ದು ಭಾಲ್ಕಿ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ.

ಅಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕಬ್ಬಿನ ಹಂಗಾಮು ಮುಗಿದ ಮೇಲೆ ಮನೆಗೆ ಬಂದ. "ಸರ್, ಪ್ಯಾನೆಲ್ ಮ್ಯಾಲ ಕನ್ನಡದಾಗ ಸೂಚನಾ ಬರೀಬೇಕಾಗ್ಯಾದ. ನೀವೇ ಬರ್ದು ಕೊಡ್ರಿ" ಎಂದ. ೨೫೦ ವೋಲ್ಟ್ ಮೀರಿದ ವಿದ್ಯುತ್ತು ಇರುವಲ್ಲಿ, ತಲೆಬುರುಡೆಯ ಚಿತ್ರದೊಡನೆ, ಜಿಲ್ಲೆಯ ಭಾಷೆಯಲ್ಲೂ ಅಪಾಯದ ಫಲಕ ಇರಬೇಕೆಂದು ೧೯೫೬ರ ನಿಯಮಗಳೇ ವಿಧಿಸಿದ್ದವಂತೆ. ಅವುಗಳ ಬದಲಿಗೆ ಬಂದ ೨೦೧೦ರ ನಿಯಮಾವಳಿಯೂ ಅದನ್ನು ಉಳಿಸಿಕೊಂಡಿತಂತೆ. ಕಾನೂನು ಕನ್ನಡವನ್ನು ನೆನೆದಿದೆಯಲ್ಲ ಎಂದು ಹಿಗ್ಗಿ, ಅವನೊಡನೆ ಹೊರಟೆ.

ಕೋಣೆಯ ತುಂಬ ಆಳೆತ್ತರದ ಉಕ್ಕಿನ ಬೀರುಗಳ ಸಾಲು. ಇದಕ್ಕೆ ಮೋಟಾರ್ ಕಂಟ್ರೋಲ್ ಸೆಂಟರ್ ಎಂದು ಹೆಸರು. ಒಂದೊಂದು ಮೋಟಾರಿಗೆ ಒಂದೊಂದು ಖಾನೆ. ಹಿಂಬದಿಯ ಲೋಹದ ಪಟ್ಟಿಗಳಲ್ಲಿ ೪೧೫ ವೋಲ್ಟಿನ ವಿದ್ಯುತ್ತು ಹರಿದು ಬಂದು ಖಾನೆ ಖಾನೆಗೂ ಕವಲೊಡೆಯುತ್ತದೆ. ಖಾನೆಯೊಳಗೆ ಮೊದಲು ಮೇನ್ ಸ್ವಿಚ್ಚು. ಅದರ ಮುಂದೆ, ಗುಂಡಿ ಒತ್ತಿದಾಗ ಕೂಡಿ ಬಿಡುವ ಕಾಂಟ್ಯಾಕ್ಟರು. ಅದರ ಮುಂದೆ, ಮೋಟಾರು ಮಿತಿ ಮೀರಿ ವಿದ್ಯುತ್ತು ಎಳೆದರೆ ತಡೆಯುವ ರಿಲೇ. ಬೀರು ಎಷ್ಟು ಕಾಯಬಹುದು, ಒಳಗೆ ಶಾರ್ಟ್ ಸರ್ಕ್ಯೂಟಾದರೆ ಎಷ್ಟು ತಾಳಬೇಕು ಎಂಬುದಕ್ಕೆಲ್ಲ ಐಎಸ್/ಐಇಸಿ ೬೧೪೩೯ ಎಂಬ ಮಾನಕವಿದೆ.

ನಾನು ಗಂಭೀರವಾಗಿ ಕಾಗದ ತೆಗೆದು ಬರೆದೆ: "ದುರಸ್ತಿಗೆ ಮುನ್ನ ಯಂತ್ರವನ್ನು ಬಂದ್ ಮಾಡತಕ್ಕದ್ದು."

ಹುಡುಗ ಓದಿ, ಸಂಕೋಚದಿಂದ, "ಸರ್, ಬಂದ್ ಅಂದ್ರ ಯಾವ ಬಂದ್ ರೀ?" ಎಂದ.

ಕೆಂಪು ಗುಂಡಿ ಒತ್ತಿದರೆ ಕಾಂಟ್ಯಾಕ್ಟರು ಬಿಡುತ್ತದೆ, ಮೋಟಾರು ನಿಲ್ಲುತ್ತದೆ. ಆದರೆ ಕಾಂಟ್ಯಾಕ್ಟರಿನ ಮೇಲ್ತುದಿಯವರೆಗೆ ವಿದ್ಯುತ್ತು ಬಂದು ಕಾದೇ ಇರುತ್ತದೆ. ಮೇನ್ ಸ್ವಿಚ್ಚು ಇಳಿಸಿದರೆ ಮಾತ್ರ ಅದು ಹಿಂದೆಯೇ ಉಳಿಯುತ್ತದೆ. "ಮೋಟಾರ್ ಬಂದ್ ಆದ್ರ ಕರೆಂಟ್ ಬಂದ್ ಆದಂಗಲ್ರಿ" ಎಂದ.

ನಾನು ಮಾತಾಡಲಿಲ್ಲ. ಔರಾದಿನ ನಮ್ಮ ಹೊಲ ಕಣ್ಣ ಮುಂದೆ ಬಂತು. ಎಂಟು ವರ್ಷದ ಹಿಂದೆ ರಜೆಗೆ ಹೋಗಿದ್ದಾಗ, ಬಾವಿಯ ಪಂಪಿನ ಕೆಂಪು ಗುಂಡಿಯನ್ನು ಒತ್ತಿದವನು ನಾನೇ. ಸಡಿಲಾದ ತಂತಿ ಬಿಗಿ ಮಾಡಲು ಸ್ಟಾರ್ಟರ್ ಡಬ್ಬಿ ತೆರೆಯುತ್ತ ತಮ್ಮ ಕೇಳಿದ: "ಅಣ್ಣಾ, ಬಂದ್ ಆಯ್ತೇನು?" ಕೊಳವೆಯಲ್ಲಿ ನೀರು ನಿಂತದ್ದನ್ನು ನೋಡಿ, "ಬಂದ್ ಆಗ್ಯಾದ" ಎಂದೆ. ನಾನು ಹೇಳಿದ್ದು ಸುಳ್ಳಲ್ಲ. ಜೀವ ಉಳಿಯಿತು, ಅವನ ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಅವನು ಒಂದು ದಿನವೂ ನನ್ನನ್ನು ದೂರಿಲ್ಲ. ದೂರಿದ್ದರೆ ಹಗುರವಾಗುತ್ತಿತ್ತೋ ಏನೋ.

ಹುಡುಗ ಜೇಬಿನಿಂದ ಒಂದು ಬೀಗ ತೆಗೆದು ತೋರಿಸಿದ. ಸ್ವಿಚ್ಚು ಇಳಿಸಿದ ಮೇಲೆ ಅದರ ಹಿಡಿಗೆ ಕೆಲಸಗಾರ ತನ್ನದೇ ಬೀಗ ಹಾಕಬೇಕು. ಇಬ್ಬರು ಕೆಲಸ ಮಾಡಿದರೆ ಎರಡು ಬೀಗ. ಕೀಲಿ ಅವರವರ ಜೇಬಿನಲ್ಲಿ. ಆಮೇಲೂ ಟೆಸ್ಟರ್ ಹಚ್ಚಿ ನೋಡಬೇಕು. ಅದಕ್ಕೂ ಮೊದಲು, ಆ ಟೆಸ್ಟರೇ ಸರಿಯಿದೆಯೇ ಎಂದು ವಿದ್ಯುತ್ತು ಇರುವ ಕಡೆ ಪರೀಕ್ಷಿಸಿರಬೇಕು. ಇನ್ನೊಬ್ಬರ ಬಾಯಿಮಾತನ್ನು ನಂಬುವಂತಿಲ್ಲ. ಅಣ್ಣನ ಮಾತನ್ನೂ.

ನನ್ನ ‘ಮಾಡತಕ್ಕದ್ದು’ವನ್ನು ಹೊಡೆದುಹಾಕಿ, ಇಬ್ಬರೂ ಕೂತು ಬರೆದೆವು: "ಮೋಟಾರ್ ನಿಂತರೆ ಸಾಲದು. ಮೇನ್ ಸ್ವಿಚ್ ಇಳಿಸು. ನಿನ್ನ ಬೀಗ ಹಾಕು. ಟೆಸ್ಟರ್ ಹಚ್ಚಿ ನೋಡು. ಆಮೇಲೆ ಕೈ ಹಾಕು." ಇದರಲ್ಲಿ ಪಾಂಡಿತ್ಯವಿಲ್ಲ. ಎರಡರ್ಥವೂ ಇಲ್ಲ.

ಒಂದು ಪ್ರತಿಯನ್ನು ಔರಾದಿಗೂ ಒಯ್ದೆ. ತಮ್ಮ ನಿಧಾನವಾಗಿ ಓದಿ, "ಛಲೋ ಬರ್ದೀದಿ ಅಣ್ಣಾ" ಎಂದು ಎಡಗೈಯಿಂದ ಅದನ್ನು ಡಬ್ಬಿಯ ಮೇಲೆ ಅಂಟಿಸಿದ.

ಪರೀಕ್ಷೆಗೆ ನಾನಾರ್ಥಗಳ ಪ್ರಶ್ನೆ ತೆಗೆಯುವುದು ಈಗಲೂ ನನ್ನ ಕೆಲಸವೇ. ಆ ಒಂದು ಶಬ್ದವನ್ನು ಮಾತ್ರ ನಾನು ಇಂದಿನವರೆಗೂ ಕೊಟ್ಟಿಲ್ಲ.