ಗಿರಣಿಯಲ್ಲಿ ಮದುವೆ

ಮದುವೆಯೆಂದರೆ ಕಲ್ಯಾಣಮಂಟಪ, ಇಲ್ಲವೆ ದೇವಸ್ಥಾನದ ಸಭಾಗೃಹ. ಇದು ನಮ್ಮಲ್ಲಿ ರೂಢಿಯಾಗಿ ಬಂದ ಮಾತು. ಹೀಗಿರುವಾಗ ನಮ್ಮ ಅಕ್ಕ ತನ್ನ ವಿವಾಹಕ್ಕೆಂದು ಪರೇಲ್ ಭಾಗದ ಹಳೆಯ ಬಟ್ಟೆ ಗಿರಣಿಯೊಂದನ್ನು ಆರಿಸಿಕೊಂಡಾಗ ಮನೆಯವರೆಲ್ಲ ಬೆರಗಾದೆವು. ಗಿರಣಿ ನಿಂತು ಬಹಳ ಕಾಲವಾಗಿದೆ. ಮಗ್ಗಗಳಿದ್ದ ಅದರ ವಿಶಾಲವಾದ ಕಟ್ಟಡವನ್ನು ದುರಸ್ತಿ ಮಾಡಿ ಈಗ ಸಮಾರಂಭಗಳಿಗೆ ಬಾಡಿಗೆಗೆ ಕೊಡುತ್ತಾರೆ.

ಅಮ್ಮನಿಗೆ ನೂರು ಚಿಂತೆ. ಗಚ್ಚಿನ ನೆಲದಲ್ಲಿ ಹಂದರಗಂಬವನ್ನು ಎಲ್ಲಿ ನೆಡುವುದು? ಹೋಮದ ಹೊಗೆ ಯಾವ ದಾರಿಯಿಂದ ಹೋಗಬೇಕು? ಬೀಗರು ಏನೆಂದುಕೊಂಡಾರು? ಇವಕ್ಕೆಲ್ಲ ಹೇಗೋ ಉತ್ತರ ದೊರೆಯುತ್ತಿತ್ತು. ಅಜ್ಜನ ಮಾತಿಗೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ. ತಾರುಣ್ಯದಲ್ಲಿ ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದ ಅವರು ಅದೇ ಗಿರಣಿಯಲ್ಲಿ ನೇಕಾರರಾಗಿದ್ದವರು. “ಅನ್ನ ಕಳಕೊಂಡ ಜಾಗಾದಾಗ ನಾ ಅಕ್ಕಿಕಾಳು ಹಾಕಾಂವಲ್ಲ” ಎಂದು ಎದ್ದುಹೋದರು.

ಅವರ ನೋವಿನ ಹಿಂದೆ ಈ ನಗರದ ಚರಿತ್ರೆಯೇ ಇದೆ. ಮುಂಬಯಿಯ ಮೊದಲ ಹತ್ತಿ ಗಿರಣಿ 1856ರಲ್ಲಿ ತಾರ್‌ದೇವ್‌ನಲ್ಲಿ ಕೆಲಸ ಆರಂಭಿಸಿತು. ಮುಂದೆ ಭೋಂಗಾದ ಕೂಗಿಗೆ ಎದ್ದು ದುಡಿಯುವ ಗಿರಣಗಾಂವ್ ಎಂಬ ಲೋಕವೇ ಬೆಳೆಯಿತು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು 2,50,000 ಕಾರ್ಮಿಕರು ಮುಷ್ಕರ ಹೂಡಿದರು. ವರುಷ ಕಳೆದರೂ ಅದು ಇತ್ಯರ್ಥವಾಗಲಿಲ್ಲ. ಸಹಸ್ರಾರು ಮಂದಿಗೆ ಕೆಲಸ ಮರಳಿ ದೊರೆಯಲೇ ಇಲ್ಲ. 1991ರ ನಿಯಮಗಳು ಗಿರಣಿಗಳ ನೆಲವನ್ನು ಬೇರೆ ಉಪಯೋಗಕ್ಕೆ ತೆರೆದುವು. ಮಗ್ಗಗಳಿದ್ದಲ್ಲಿ ಅಂಗಡಿಗಳೂ ಕಚೇರಿಗಳೂ ಎದ್ದುವು.

ಅಕ್ಕ ಹಟ ಹಿಡಿಯಲಿಲ್ಲ. “ಅಜ್ಜಾ, ಒಮ್ಮೆ ಬಂದು ನೋಡ್ರಿ. ಬ್ಯಾಡಂದ್ರ ಬಿಡತೀನಿ” ಎಂದಳು. ಒಂದು ಭಾನುವಾರ ಅವರನ್ನು ಅಲ್ಲಿಗೆ ಕರೆದೊಯ್ದೆವು. ಅಲಂಕಾರದ ದೀಪಗಳತ್ತ ಅವರ ದೃಷ್ಟಿ ಹೋಗಲಿಲ್ಲ. ತಲೆಯೆತ್ತಿ ಛಾವಣಿಯನ್ನು ನೋಡಿದರು. ಅದು ಗರಗಸದ ಹಲ್ಲುಗಳಂತೆ ಸಾಲಾಗಿ ಏರಿ ಇಳಿಯುತ್ತದೆ. ಒಂದೊಂದು ಹಲ್ಲಿನ ಉತ್ತರದ ಮುಖಕ್ಕೂ ಗಾಜು. ಉತ್ತರದಿಂದ ಬರುವ ಬೆಳಕು ಕಣ್ಣು ಕುಕ್ಕದೆ ದಿನವೆಲ್ಲ ಸಮನಾಗಿರುತ್ತದೆ, ಕಡಿದ ಎಳೆ ಕೂಡಲೆ ಕಾಣುತ್ತದೆ ಎಂದು ಅವರೇ ನಮಗೆ ತಿಳಿಸಿದರು. ಬಳಿಕ ಕಬ್ಬಿಣದ ಕಂಬಗಳನ್ನು ಎಣಿಸುತ್ತ ಹೋಗಿ ಒಂದೆಡೆ ನಿಂತರು. ಅವರ ಮಗ್ಗಗಳಿದ್ದ ಸ್ಥಳ ಅದು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅಂದರು: “ಇಲ್ಲೇ ಆಗಲಿ. ಆದರ ಮೊದಲ ಪಂಕ್ತಿಗೆ ನಮ್ಮ ಖಾತೆಯವರು ಕೂಡಬೇಕು.”

ಹಾಗೆಯೇ ನಡೆಯಿತು. ಹುಡುಕಿ ಕರೆದ ಹಳೆಯ ಜೊತೆಗಾರರಲ್ಲಿ ಹನ್ನೊಂದು ಮಂದಿ ಬಂದರು. ಮರಾಠಿಯವರು, ತೆಲುಗರು, ನಮ್ಮವರು. ಅವರಿಗೆ ಬೀಗರೇ ನಿಂತು ಹೋಳಿಗೆ ಬಡಿಸಿದರು. ವಾದ್ಯದ ಗದ್ದಲ ಏರಿದಾಗ ಈ ಮುದುಕರು ಮಾತು ನಿಲ್ಲಿಸಲಿಲ್ಲ. ಮಗ್ಗಗಳ ಸದ್ದಿನಲ್ಲಿ ಕಲಿತ ಕೈಸನ್ನೆಯಿಂದಲೇ ಹರಟೆ ಮುಂದುವರಿಸಿದರು. ಅಂದು ಅಜ್ಜ ನಕ್ಕಷ್ಟು ನಾವು ಎಂದೂ ಕಂಡಿರಲಿಲ್ಲ.

ಹಳೆಯ ಕಟ್ಟಡದಲ್ಲಿ ಮದುವೆ ಮಾಡುವುದು ಈಗ ಷೋಕಿಯೂ ಆಗಿದೆ. ಅಲ್ಲಿ ದುಡಿದವರನ್ನು ಕರೆದು ಎಲೆ ಹಾಕಿದರೆ ಅದು ಷೋಕಿಯಾಗಿ ಉಳಿಯುವುದಿಲ್ಲ. ಗೆಳೆಯರೆ, ಶಾಲೆಗೆ ಬರುವ ದಾರಿಯಲ್ಲಿ ನಿಮಗೂ ಅಂಥ ಚಿಮಣಿಯೊಂದು ಕಾಣಬಹುದು. ಅದರ ಕೆಳಗೆ ದುಡಿದವರು ನಿಮ್ಮ ಮನೆಯಲ್ಲಿಯೇ ಇದ್ದಾರು. ಒಮ್ಮೆ ಕೇಳಿ ನೋಡಿರಿ.