ಛತ್ರದವನಿಗೆ ಕೊಟ್ಟ ಹಣ

ಕಳ್ಳರ ಪೆಟ್ಟಿಗೆ ದಾರಿಯಲ್ಲಿ ಬಿದ್ದವನನ್ನು ಉಳಿಸಿದ ಸಮಾರ್ಯದವನ ಕಥೆಯನ್ನು ಯೇಸು ಹೇಳಿದ್ದಾನೆ. ಮಂಗಳೂರಿನ ಆ ನಿವೃತ್ತ ವೈದ್ಯರಿಗೆ, ಅವನು ಗಾಯಕ್ಕೆ ಸುರಿದ ಎಣ್ಣೆಗಿಂತ ಆರೈಕೆಗೆಂದು ಛತ್ರದವನ ಕೈಗಿತ್ತ ಎರಡು ಬೆಳ್ಳಿಯ ನಾಣ್ಯಗಳೇ ದೊಡ್ಡವು.

ಲ್ಯುಕೀಮಿಯದ ಒಂದು ಬಗೆಯನ್ನು ನಿತ್ಯದ ಗುಳಿಗೆಯಿಂದಲೇ ಹತೋಟಿಯಲ್ಲಿಡಬಲ್ಲ ಇಮ್ಯಾಟಿನಿಬ್ 2001ರಲ್ಲಿ ಬಂದಿತು. ಅದಕ್ಕೆ ಮುನ್ನ ವೈದ್ಯರು ವರ್ಷಗಳನ್ನು ಎಣಿಸುತ್ತಿದ್ದರು. ಬಳಿಕ ರೋಗಿಗಳು ರೂಪಾಯಿ ಎಣಿಸತೊಡಗಿದರು. ಮೂಲ ಕಂಪನಿಯ ಗುಳಿಗೆಗೆ ತಿಂಗಳಿಗೆ ಲಕ್ಷಕ್ಕೂ ಮಿಕ್ಕ ಬೆಲೆ! 2005ರಲ್ಲಿ ಸಂಸತ್ತು ತಿದ್ದಿದ ಕಾನೂನನ್ನು ಆಧರಿಸಿ, 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ನೋವಾರ್ಟಿಸ್ ಬೇಡಿದ ಪೇಟೆಂಟನ್ನು ನಿರಾಕರಿಸಿತು. ಅಗ್ಗದ ಗುಳಿಗೆಯ ದಾರಿ ತೆರೆದೇ ಉಳಿಯಿತು.

“ಭಕ್ತರಿಗೆ ರಾಜಕೀಯವೇಕೆ, ಡಾಕ್ಟರೇ?” ಎಂದು ಇಗರ್ಜಿಯ ಗೆಳೆಯರು ಕೇಳುವುದುಂಟು. ಅವರ ಉತ್ತರ ಒಂದೇ: “ಛತ್ರದ ಲೆಕ್ಕ ತೀರಿಸುವವರು ಯಾರೆಂಬುದೇ ರಾಜಕೀಯ. ಅದನ್ನು ಕೇಳದ ಕರುಣೆ ರೋಗಿಯನ್ನು ಛತ್ರದ ಬಾಗಿಲಲ್ಲೇ ಬಿಟ್ಟು ಬರುತ್ತದೆ.”